ನೆಲದ ಪಸೆ, ಗೂಡಿನ ಎತ್ತರ

ಮಲೆನಾಡಿನ ಜಡಿಮಳೆಯ ದಿನಗಳಲ್ಲಿ ಕೋಳಿಮರಿಗಳು ರೆಕ್ಕೆ ಇಳಿಬಿಟ್ಟು, ರಕ್ತ ಬೆರೆತ ಹಿಕ್ಕೆ ಹಾಕಿ ಒಂದರ ಹಿಂದೊಂದು ಸಾಯತೊಡಗಿದಾಗ, ಮನೆಯವರು ‘ಶೀತ ಹತ್ತಿತು’ ಎಂದು ಕೈಚೆಲ್ಲುತ್ತಾರೆ. ದೃಷ್ಟಿ ತಾಗಿತೆಂದು ನಂಬುವವರೂ ಇದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಕ್ತಭೇದಿಯಿಂದ ಸತ್ತ ಮರಿಗಳನ್ನು ಕೊಂದದ್ದು ಬಹುಪಾಲು ಐಮೇರಿಯ ಎಂಬ ಏಕಕೋಶ ಪರೋಪಜೀವಿ. ಕೋಳಿಗೂಡನ್ನು ಕಂಬಗಳ ಮೇಲೆ ನೆಲದಿಂದ ಎತ್ತಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವ ಮುನ್ನ ಈ ಜೀವಿಯ ಬಾಳುವೆಯನ್ನು ಅರಿಯಬೇಕು.

ಕೋಳಿಯ ಹಿಕ್ಕೆಯೊಡನೆ ಹೊರಬೀಳುವ ಐಮೇರಿಯದ ಊಸಿಸ್ಟ್, ಅಂದರೆ ಗಟ್ಟಿ ಕವಚದ ಸೂಕ್ಷ್ಮ ಕೋಶ, ಬಿದ್ದ ಗಳಿಗೆಯಲ್ಲಿ ಯಾವ ಮರಿಗೂ ರೋಗ ತರಲಾರದು. ಅದು ಮೊದಲು ಮಾಗಬೇಕು. ಹೆಸರುಕಾಳು ಮೊಳೆಯಲು ಒದ್ದೆ ಬಟ್ಟೆ, ಬೆಚ್ಚನೆಯ ಮೂಲೆ, ಒಂದಿಷ್ಟು ಗಾಳಿ ಬೇಕಾಗುವಂತೆ ಇದಕ್ಕೂ ಪಸೆ, ಬಿಸುಪು, ಆಮ್ಲಜನಕ ಬೇಕು. ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದು ಪಸೆಯೂ ಸಾಕಷ್ಟಿದ್ದರೆ, ಒಂದೆರಡು ದಿನಗಳಲ್ಲಿ ಕವಚದೊಳಗೆ ನಾಲ್ಕು ಚೀಲಗಳು, ಚೀಲಕ್ಕೆ ಎರಡರಂತೆ ಎಂಟು ಸೋಂಕುಜೀವಿಗಳು ಸಿದ್ಧವಾಗುತ್ತವೆ. ಹೆಪ್ಪು ಹಾಕಿದ ಹಾಲು ಮೊಸರಾಗಲು ಒಂದು ರಾತ್ರಿ ಹಿಡಿಯುತ್ತದಲ್ಲವೇ, ಹಾಗೆ ಇಲ್ಲಿಯೂ ನಡುವೆ ಒಂದು ಬಿಡುವಿದೆ. ನಮಗೆ ಸಿಗುವ ಅವಕಾಶ ಅಷ್ಟೇ. ಮಾಗಿದ ಊಸಿಸ್ಟನ್ನು ಮರಿ ನುಂಗಿದರೆ, ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗದ ಆ ಕವಚವನ್ನು ಕಾಳು ಅರೆಯಲೆಂದಿರುವ ಮರಿಯ ಸ್ನಾಯುಹೊಟ್ಟೆಯೇ ತೆಂಗಿನಕಾಯಿಯಂತೆ ಒಡೆದುಕೊಡುತ್ತದೆ. ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1674ರಲ್ಲಿ ತನ್ನ ಸೂಕ್ಷ್ಮದರ್ಶಕದಿಂದ ಮೊಲದ ಪಿತ್ತರಸದಲ್ಲಿ ಕಂಡ ಅಂಡಾಕಾರದ ಕಣಗಳು ಇದೇ ಕುಲದ ಊಸಿಸ್ಟ್‌ಗಳೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಅಷ್ಟು ಹಿಂದೆಯೇ ಕಣ್ಣಿಗೆ ಬಿದ್ದ ಜೀವಿಯ ತಪ್ಪನ್ನು ನಾವು ಇಂದಿಗೂ ಶೀತದ ತಲೆಗೆ ಕಟ್ಟುತ್ತಿದ್ದೇವೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಗೂಡಿನ ನೆಲ ಒಣಗಿರುತ್ತದೆಯೇ ಎಂಬುದು. ತಾಜಾ ಹಿಕ್ಕೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಅದರ ಮೇಲೆ, ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಮಣ್ಣಿನ ಕಿರುರಂಧ್ರಗಳು ಕೆಳಗಿನ ನೀರನ್ನು ಮೇಲೆಳೆಯುತ್ತವೆ. ರಂಧ್ರ ಕಿರಿದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುವುದರಿಂದ, ಮಾಡು ಎಷ್ಟೇ ಭದ್ರವಾಗಿದ್ದರೂ ಜೇಡಿನೆಲ ಮಳೆಗಾಲವಿಡೀ ಬೆವರುತ್ತಲೇ ಇರುತ್ತದೆ. ನಿಮ್ಮ ನೆಲದ ಗುಣ ತಿಳಿಯಲು ಮಳೆಗಾಲದ ಒಂದು ಸಂಜೆ ಮಾಡಿನಡಿಯ ನೆಲದ ಮೇಲೆ ಪಾಲಿಥೀನ್ ಹಾಳೆ ಹಾಸಿ, ಅಂಚುಗಳಿಗೆ ಮಣ್ಣು ಮೆತ್ತಿ, ಬೆಳಿಗ್ಗೆ ಎತ್ತಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದರೆ, ಕಂಬ ನೆಟ್ಟು ಅಡಕೆ ದಬ್ಬೆಯ ನೆಲ ಮಾಡುವುದೇ ಸರಿ. ದಬ್ಬೆಗಳ ಸಂದಿಯಿಂದ ಹಿಕ್ಕೆ ಕೆಳಗೆ ಬೀಳುತ್ತದೆ, ಅಡಿಯಿಂದ ಗಾಳಿಯೂ ಆಡುತ್ತದೆ. ಚಿತ್ರದುರ್ಗದಂಥ ಒಣಸೀಮೆಯಲ್ಲಿ ಈ ಖರ್ಚು ಅನಗತ್ಯ. ಅಲ್ಲಿ ನೆಲದ ಮೇಲೆ ನಾಲ್ಕು ಬೆರಳಿಗಿಂತ ದಪ್ಪವಾಗಿ ಭತ್ತದ ಹೊಟ್ಟು ಹಾಸಿ ಆಗಾಗ ತಿರುವಿದರೆ ಸಾಕು. ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಕೈ ಬಿಚ್ಚಿದಾಗ ಅದು ಉದುರಿದರೆ ಒಳ್ಳೆಯದು, ಉಂಡೆಯಾಗಿಯೇ ಉಳಿದರೆ ಬದಲಿಸುವ ಹೊತ್ತು ಬಂದಿದೆ.

ಎತ್ತುವುದಾದರೆ ಅರೆಮನಸ್ಸಿನಿಂದ ಎತ್ತಬಾರದು. ಗೇಣೆತ್ತರದ ಸಂದಿ ಹೆಗ್ಗಣಗಳಿಗೆ ಸಿದ್ಧ ಮನೆ. ಅವುಗಳ ಹಿಂದೆ ಹಾವೂ ಬರುತ್ತದೆ. ಪೊರಕೆ ಸಲೀಸಾಗಿ ಆಡುವಂತೆ ಎರಡು ಮೂರು ಅಡಿ ಇರಲಿ. ಗಿರಿರಾಜ ತಳಿಯಂಥ ಭಾರದ ಕೋಳಿಗಳು ಎತ್ತರದಿಂದ ಧುಮುಕಿ ಪಾದ ಗಾಯ ಮಾಡಿಕೊಳ್ಳುವುದರಿಂದ ಅವಕ್ಕೆ ಇಳಿಜಾರು ಹಲಗೆ ಬೇಕೇ ಬೇಕು.

ಎತ್ತರದ ಗೂಡಿನಲ್ಲಿ ಮರಿಗಳನ್ನು ಸದಾ ಕೂಡಿಹಾಕುವುದೂ ತಪ್ಪು. ಅಲ್ಪಸ್ವಲ್ಪ ಊಸಿಸ್ಟ್ ಹೊಟ್ಟೆ ಸೇರುತ್ತಿದ್ದರೆ ಮರಿಗೆ ನಿರೋಧಶಕ್ತಿ ಬರುತ್ತದೆ. ಅದನ್ನು ಕಾಣದೆಯೇ ಬೆಳೆದ ಕೋಳಿ ಮುಂದೆ ಅಂಗಳಕ್ಕಿಳಿದಾಗ ಒಮ್ಮೆಲೇ ಹಾಸಿಗೆ ಹಿಡಿಯುತ್ತದೆ. ಆದ್ದರಿಂದ ರಾತ್ರಿ ಎತ್ತರದ ಗೂಡು, ಹಗಲು ಒಣಗಿದ ಅಂಗಳ ಎಂಬ ಕ್ರಮವನ್ನೇ ನಾನು ಒಪ್ಪುತ್ತೇನೆ. ಗೂಡಿನಡಿಯ ಹಿಕ್ಕೆಯನ್ನು ಮಾತ್ರ ಪ್ರತಿದಿನ ಬೆಳಿಗ್ಗೆ, ಕೋಳಿಗಳನ್ನು ಬಿಡುವ ಮೊದಲೇ, ಗುಡಿಸಿ ಗೊಬ್ಬರಗುಂಡಿಗೆ ಸೇರಿಸಬೇಕು. ಇಲ್ಲವಾದರೆ ಕಂಬಗಳ ನಡುವೆ ಕೆದಕಲು ಬರುವ ಮರಿಗಳಿಗೆ ಮಾಗಿದ ಊಸಿಸ್ಟ್‌ಗಳನ್ನು ನಾವೇ ಬಡಿಸಿದಂತಾಗುತ್ತದೆ.