ಕಾರಿನ ಬಾಡಿ ಕಟ್ಟುವವರಿಗೆ: ಫೈಬರ್ ಗ್ಲಾಸ್ ಟಿಪ್ಪಣಿಗಳು

ನಮ್ಮ ಕರಾವಳಿಯಲ್ಲಿ ‘ಬಾಡಿ ಕಟ್ಟುವುದು’ ಎಂದರೆ ಜನರಿಗೆ ನೆನಪಾಗುವುದು ಬಸ್ಸು. ಕಾಪು ಹತ್ತಿರದ ಹಳೆಯ ಕೊಟ್ಟಿಗೆಯಲ್ಲಿ ನಾವು ಮೂವರು ಎರಡು ಸೀಟಿನ ಕಾರಿಗೆ ಬಾಡಿ ಕಟ್ಟುತ್ತಿದ್ದೇವೆ ಎಂದಾಗ ಪಕ್ಕದ ಮನೆಯವರು ಕೇಳಿದ್ದು, “ಯಾವ ರೂಟಿಗೆ?” ಎಂದು. ನಮ್ಮದು ಫೈಬರ್ ಗ್ಲಾಸ್ ಬಾಡಿ, ಅಂದರೆ ಗಾಜಿನ ಎಳೆಗಳ ಹಾಸನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ನೆನೆಸಿ ಮಾಡಿದ್ದು. ಇದೇ ಕೆಲಸಕ್ಕೆ ಕೈ ಹಾಕುವವರಿಗಾಗಿ ನಮ್ಮ ಟಿಪ್ಪಣಿ ಪುಸ್ತಕವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಬಾಡಿಗಿಂತ ಮೊದಲು ಅಡಿಪಾಯ. ಗುಜರಿಯಲ್ಲಿ ಸುಲಭವಾಗಿ ಸಿಗುವುದು ಮಾರುತಿ 800. ಅದರ ತಗಡು ಕಿತ್ತು ನಮ್ಮ ಬಾಡಿ ಕೂರಿಸಿದರಾಯಿತು ಎಂದು ನಾವೂ ಅಂದುಕೊಂಡಿದ್ದೆವು. ಆದರೆ ಅದು ಮಾನೊಕಾಕ್ ಕಾರು. ಅಂದರೆ ಭಾರ ಹೊರುವುದು ಆ ತಗಡೇ. ಅದಕ್ಕೆ ಬೇರೆ ಚಾಸಿಸ್ ಇಲ್ಲ. ತಗಡು ಕತ್ತರಿಸಿದರೆ ಉಳಿಯುವುದು ಚಿಪ್ಪು ತೆಗೆದ ಏಡಿ. ಜೀಪು, ಜಿಪ್ಸಿಗಳಿಗೆ ಏಣಿಯಂಥ ಪ್ರತ್ಯೇಕ ಚಾಸಿಸ್ ಇರುವುದರಿಂದ ಬಾಡಿಯನ್ನು ಬೇರೆಯಾಗಿ ಎತ್ತಬಹುದು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಮಾರಿದ ಡಾಲ್ಫಿನ್ ಕಾರಿನಲ್ಲೂ ಇದೇ ಕ್ರಮ: ಕೆಳಗೆ ಉಕ್ಕಿನ ಚಾಸಿಸ್, ಮೇಲೆ ಫೈಬರ್ ಗ್ಲಾಸ್. 1953ರಲ್ಲಿ ಬಂದ ಮೊದಲ ಷೆವ್ರೊಲೆ ಕಾರ್ವೆಟ್ ಕೂಡ ಹಾಗೆಯೇ. ನಾವು ಕೊನೆಗೆ ಪೈಪುಗಳನ್ನು ವೆಲ್ಡ್ ಮಾಡಿ ನಮ್ಮದೇ ಫ್ರೇಮು ಕಟ್ಟಿದೆವು.

ಕಾನೂನಿನ ಮಾತು ಚಿಕ್ಕದು, ಆದರೆ ಮೊದಲೇ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ಎರಡೂ ಹೇಳುವುದು ಒಂದೇ: ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ಬದಲಿಸುವಂತಿಲ್ಲ. ಉಡುಪಿಯ ಕೆಎ-20 ನಂಬರ್ ಫಲಕ ಹಾಕಿಕೊಂಡು ಮಣಿಪಾಲದ ಏರು ಹತ್ತುವ ಕನಸು ಬೇಡ. ನಮ್ಮದು ಖಾಸಗಿ ಜಾಗದಲ್ಲಷ್ಟೇ ಓಡುವ ಕಾರು.

ಇನ್ನು ಆಕಾರ. ಕಾಗದದ ಮೇಲೆ ಚಂದದ ಕಾರು ಬಿಡಿಸಿ, ಆಮೇಲೆ ಅದಕ್ಕೆ ಗಾಜು ಹುಡುಕಲು ಹೋದವರು ನಾವು. ಎದುರಿನ ಗಾಜನ್ನು ಮನೆಯಲ್ಲಿ ಮಾಡಲಾಗದು. ಅದು ಲ್ಯಾಮಿನೇಟೆಡ್ ಗಾಜೇ ಆಗಬೇಕು, ಅದರ ಬಾಗು ಕಾರ್ಖಾನೆಯದ್ದೇ ಆಗಬೇಕು. ಹಾಗಾಗಿ ಕ್ರಮವನ್ನು ತಿರುಗಿಸಿ: ಮೊದಲು ಗುಜರಿಯಿಂದ ಗಾಜು, ಹೆಡ್‌ಲೈಟು, ಬಾಗಿಲಿನ ಹಿಂಜು ತನ್ನಿ, ಅವುಗಳನ್ನು ಫ್ರೇಮಿನ ಮೇಲೆ ಇಟ್ಟು ಅಳತೆ ತೆಗೆಯಿರಿ, ಆಮೇಲೆ ಗೆರೆ ಎಳೆಯಿರಿ.

ಗೆರೆಯನ್ನು ನಿಜ ಗಾತ್ರಕ್ಕೆ ತರುವ ವಿದ್ಯೆ ದೋಣಿ ಕಟ್ಟುವವರದ್ದು. ಕಾರನ್ನು ಬ್ರೆಡ್ಡಿನಂತೆ ಅಡ್ಡಡ್ಡ ಕೊಯ್ದರೆ ಪ್ರತಿ ಹೋಳಿನ ಅಂಚು ಹೇಗಿರುತ್ತದೆ ಎಂದು ಬಿಡಿಸಿ, ಆ ಆಕಾರಕ್ಕೆ ಪ್ಲೈವುಡ್ ಕತ್ತರಿಸಿ, 250 ಮಿ.ಮೀ.ಗೆ ಒಂದರಂತೆ ಸಾಲಾಗಿ ನಿಲ್ಲಿಸಿದೆವು. ಅರ್ಧ ಭಾಗವನ್ನಷ್ಟೇ ಬಿಡಿಸಿ ಮಗುಚಿ ಕತ್ತರಿಸಿದರೆ ಎಡ ಬಲ ಒಂದೇ ಸಮ ಬರುತ್ತವೆ. ಹಲಗೆಗಳ ಮೇಲೆ ತೆಳ್ಳಗೆ ಸೀಳಿದ ಅಡಿಕೆ ದಬ್ಬೆಯನ್ನು ಬಾಗಿಸಿ ಇಟ್ಟು ನೋಡಿ. ದಬ್ಬೆ ತಾನಾಗಿ ಬಾಗಿ ಎಲ್ಲ ಹಲಗೆಗಳನ್ನೂ ಮುಟ್ಟಬೇಕು. ಒಂದು ಹಲಗೆಯ ಬಳಿ ಎದ್ದು ನಿಂತರೆ ತಪ್ಪು ಹಲಗೆಯದ್ದು. ದಬ್ಬೆಯನ್ನು ಒತ್ತಿ ಮಣಿಸಲು ಹೋಗಬೇಡಿ.

ಹಲಗೆಗಳ ನಡುವಿನ ಜಾಗ ತುಂಬಿಸಲು ಮಲ್ಪೆಯಿಂದ ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳನ್ನು ತಂದೆವು. ಪುಕ್ಕಟೆ ಮಾಲು, ವಾಸನೆಯೊಂದೇ ಖರ್ಚು. ಕೊಯ್ದು, ಉಜ್ಜಿ, ಮಡ್‌ಗಾರ್ಡಿನ ಉಬ್ಬು ಬರಿಸಿ, ಗಟ್ಟಿಯಾಗಲಿ ಎಂದು ಮೇಲೆ ಪಾಲಿಯೆಸ್ಟರ್ ರೆಸಿನ್ ಬಳಿದೆವು. ಐದು ನಿಮಿಷದಲ್ಲಿ ಉಬ್ಬು ಕುಸಿಯತೊಡಗಿತು. ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಅಂಚುಗಳು ಕರಗಿ, ನಡುವೆ ಅಂಗೈ ಅಗಲದ ಗುಂಡಿ ಬಿತ್ತು. ಕಾರಣ ಸರಳ: ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ದ್ರಾವಕವಾಗಿರುವುದು ಸ್ಟೈರೀನ್. ಅದು ಥರ್ಮಾಕೋಲನ್ನು ತಿಂದುಹಾಕುತ್ತದೆ. ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ ತಿನ್ನುವುದಿಲ್ಲ, ಆದ್ದರಿಂದ ಮೊದಲು ಎಪಾಕ್ಸಿ ಬಳಿಯಬೇಕಿತ್ತು. ಇಲ್ಲವೇ ಪಾಲಿಯುರಿಥೇನ್ ಫೋಮ್ ತರಬೇಕಿತ್ತು. ಎರಡು ವಾರದ ಕೆಲಸ ಹೋಯಿತು.

ಹೀಗೆ ಆಗುವುದು ಮೂಲ ಮಾದರಿ. ಅದರ ಮೇಲೆ ಫೈಬರ್ ಗ್ಲಾಸ್ ಹಾಸಿ ಬಿಡಿಸಿದ ಟೊಳ್ಳು ಚಿಪ್ಪೇ ಅಚ್ಚು, ಆ ಅಚ್ಚಿನೊಳಗೆ ಮತ್ತೆ ಫೈಬರ್ ಗ್ಲಾಸ್ ಹಾಸಿದರೆ ಬಾಡಿ. ಮಾದರಿಯ ಮೇಲೆ ಪುಟ್ಟಿ ಹಾಕಿ ಉಜ್ಜುವ ಕೆಲಸವೇ ಇಡೀ ಯೋಜನೆಯ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಉಳಿದ ಗೀರು ಅಚ್ಚಿಗೆ ಹೋಗುತ್ತದೆ, ಅಚ್ಚಿನಿಂದ ಕಾರಿನ ಬಾಡಿಯ ಮೇಲೆ ಬರುತ್ತದೆ. ಕಣ್ಣಿಗಿಂತ ಅಂಗೈ ಚುರುಕು: ತೆಳುವಾದ ಬಟ್ಟೆ ಹಿಡಿದು ಕಣ್ಣು ಮುಚ್ಚಿ ಸವರಿದರೆ ಅಲೆ ತಿಳಿಯುತ್ತದೆ. ಸಂಜೆ ಮಾದರಿಯ ಮೈಮೇಲೆ ನೀರು ಹಾಕಿ, ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಬೆಳಕಿನ ಗೆರೆ ಎಲ್ಲಿ ತಡವರಿಸಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ಅಚ್ಚಿನ ವಿಷಯದಲ್ಲಿ ನನ್ನ ಕಣ್ಣು ತೆರೆದದ್ದು ಹೀಗೆ. ಅಚ್ಚಿನ ಒರಟು ಬೆನ್ನನ್ನು ನಾನು ಉಜ್ಜುತ್ತಿದ್ದಾಗ ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವ ಹಿರಿಯರೊಬ್ಬರು ಬಂದು ನಕ್ಕರು. “ಬೆನ್ನು ಯಾಕೆ ಉಜ್ಜುತ್ತೀಯ ಮಾರಾಯ? ಅಚ್ಚಿಗೆ ಹೊಟ್ಟೆಯೇ ಮುಖ.” ಹೌದು, ಇಲ್ಲಿ ಎಲ್ಲವೂ ಹಿಂದುಮುಂದು. ಅಚ್ಚಿನೊಳಗೆ ಮೊದಲು ಬಳಿಯುವ ದಪ್ಪನೆಯ ರೆಸಿನ್, ಅಂದರೆ ಜೆಲ್‌ಕೋಟ್, ಸುಮಾರು ಅರ್ಧ ಮಿ.ಮೀ. ದಪ್ಪದ್ದು, ಕಾರಿನ ಹೊರಮೈ ಆಗುತ್ತದೆ. ಕೊನೆಯ ಪದರ ಸೀಟಿನ ಕಡೆಗೆ ಬರುತ್ತದೆ. ಅಚ್ಚು ಬಾಡಿಗಿಂತ ಎರಡು ಮೂರು ಪಟ್ಟು ದಪ್ಪ ಇರಲಿ. ಮಾದರಿಯಿಂದ ಬಿಡಿಸುವ ಮೊದಲೇ ಅದರ ಬೆನ್ನಿಗೆ ಮರದ ಪಕ್ಕೆಲುಬು ಅಂಟಿಸಿ. ಬಿಡಿಸಿದ ಮೇಲೆ ಅಂಟಿಸಿದರೆ ಅಷ್ಟರಲ್ಲಿ ಅಚ್ಚು ಸೊಟ್ಟಗಾಗಿರುತ್ತದೆ. ಮಡ್‌ಗಾರ್ಡ್ ಒಳಕ್ಕೆ ಮಡಚಿಕೊಳ್ಳುವಲ್ಲಿ ಅಚ್ಚನ್ನು ಎರಡು ಹೋಳಾಗಿ ಮಾಡಿ ಬೋಲ್ಟ್ ಹಾಕಬೇಕು, ಇಲ್ಲದಿದ್ದರೆ ಬಾಡಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊಸ ಅಚ್ಚಿಗೆ ಐದಾರು ಸಲ ಮೇಣ ಹಚ್ಚಿ ಹೊಳಪಿಸಿ, ಮೇಲೆ ಪಿವಿಎ (ಒಣಗಿ ತೆಳು ಪೊರೆಯಾಗಿ, ಬಾಡಿ ಅಚ್ಚಿಗೆ ಅಂಟದಂತೆ ತಡೆಯುವ ದ್ರವ) ಬಳಿಯಿರಿ.

ಲೆಕ್ಕ: ಚದರ ಮೀಟರಿಗೆ 450 ಗ್ರಾಂ ತೂಗುವ, ಗಾಜಿನ ತುಂಡು ಎಳೆಗಳನ್ನು ಅಂಟಿಸಿ ಮಾಡಿದ ಮ್ಯಾಟ್‌ನ ಮೂರು ಪದರ ಸುಮಾರು 3 ಮಿ.ಮೀ. ದಪ್ಪ ಕೊಡುತ್ತದೆ. ಒಂದು ಚದರ ಮೀಟರಿಗೆ ಗಾಜು 1.35 ಕಿಲೋ. ಅದರ ಎರಡೂಕಾಲು ಪಟ್ಟು ರೆಸಿನ್ ಎಂದರೆ ಸುಮಾರು 3 ಕಿಲೋ. ಒಟ್ಟು 4.4 ಕಿಲೋ. 0.8 ಮಿ.ಮೀ. ಉಕ್ಕಿನ ತಗಡಾದರೆ ಅಷ್ಟೇ ಜಾಗಕ್ಕೆ 6.3 ಕಿಲೋ. ರೆಸಿನ್ ಜಾಸ್ತಿ ಸುರಿದರೆ ಬಲ ಬರುವುದಿಲ್ಲ, ತೂಕವಷ್ಟೇ ಬರುತ್ತದೆ. ರೋಲರಿನಿಂದ ಗಾಳಿಗುಳ್ಳೆ ಓಡಿಸಿ. ಎಪಾಕ್ಸಿ ಬಳಸುವುದಾದರೆ ಈ ಮ್ಯಾಟ್ ಬೇಡ, ನೇಯ್ದ ಬಟ್ಟೆ ತನ್ನಿ. ಮ್ಯಾಟ್‌ನ ಎಳೆಗಳನ್ನು ಹಿಡಿದಿರುವ ಅಂಟು ಕರಗಲು ಸ್ಟೈರೀನ್ ಬೇಕು.

ಒಂದು ಕಿಲೋ ಪಾಲಿಯೆಸ್ಟರ್ ರೆಸಿನ್ನಿಗೆ, ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ 10ರಿಂದ 20 ಗ್ರಾಂ. ಏಪ್ರಿಲ್ ಸೆಕೆಯಲ್ಲಿ ಹತ್ತೇ ಸಾಕು. ಕಲಸಿದ್ದನ್ನು ಬಕೆಟ್ಟಿನಲ್ಲಿ ಬಿಟ್ಟರೆ ತನ್ನದೇ ಶಾಖಕ್ಕೆ ಹೊಗೆಯಾಡಿ ಕಲ್ಲಾಗುತ್ತದೆ. ಅಗಲ ತಟ್ಟೆಗೆ ಸುರಿದುಕೊಂಡರೆ ಸ್ವಲ್ಪ ಹೊತ್ತು ಸಿಗುತ್ತದೆ. ಇದನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ: ಕೊಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ದ್ರಾವಣ) ಮತ್ತು ಹಾರ್ಡ್‌ನರನ್ನು ಎಂದೂ ನೇರವಾಗಿ ಬೆರೆಸಬೇಡಿ, ಸಿಡಿಯುತ್ತದೆ. ಮೊದಲು ಕೊಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್‌ನರ್. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ರಕ್ಷಣಾ ಕನ್ನಡಕ ಇಲ್ಲದೆ ಮುಚ್ಚಳ ತೆಗೆಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಚ್ಚು ತುಂಬುವ ಕೆಲಸ ನಿಲ್ಲಿಸುವುದು ಲೇಸು. ಮ್ಯಾಟ್ ತೇವ ಹೀರಿ ಪದರಗಳು ಸರಿಯಾಗಿ ಅಂಟುವುದಿಲ್ಲ. ಮಳೆಗಾಲವನ್ನು ನಾವು ಫ್ರೇಮಿಗೆ ಬಣ್ಣ ಹೊಡೆಯಲು ಇಟ್ಟುಕೊಂಡೆವು. ಆ ಬಣ್ಣವೂ ಒಣಗಲಿಲ್ಲ, ಬಿಡಿ.

ಬಾಡಿಯನ್ನು ಬಿಡಿಸುವಾಗ ಸ್ಕ್ರೂಡ್ರೈವರ್ ತೂರಿಸಬೇಡಿ. ಅಂಚಿನಲ್ಲಿ ಮರದ ಬೆಣೆ ಕೊಟ್ಟು ಸಂದಿಗೆ ನೀರು ಬಿಟ್ಟರೆ ಪಿವಿಎ ಕರಗಿ ‘ಟಪ್’ ಎಂದು ಬಿಟ್ಟುಕೊಡುತ್ತದೆ. ಫ್ರೇಮಿಗೆ ಕೂರಿಸುವಾಗ ಬೋಲ್ಟಿನ ಕೆಳಗೆ ಅಗಲವಾದ ವಾಷರ್ ಇರಲಿ, ಇಲ್ಲವಾದರೆ ಫೈಬರ್ ನಜ್ಜಾಗಿ ತೂತು ದೊಡ್ಡದಾಗುತ್ತದೆ. ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಲಿ. ಫೈಬರಿಗೆ ತುಕ್ಕಿಲ್ಲ ಎಂದು ನಾವು ಮೆರೆಯುತ್ತಿದ್ದಾಗ, ಮಾಮೂಲಿ ಬೋಲ್ಟುಗಳಿಂದ ಇಳಿದ ಕಂದು ಗೆರೆಗಳು ಮೂರೇ ತಿಂಗಳಲ್ಲಿ ಬಿಳಿ ಜೆಲ್‌ಕೋಟಿನ ಮೇಲೆ ಮೂಡಿದ್ದವು.