ಅರವತ್ತು ಸೆಂಟಿಮೀಟರ್ ಹೆಜ್ಜೆ ಇಡುತ್ತಾ ಕಣಿವೆ ದಾಟಿದ ಸೇತುವೆ

ದಕ್ಷಿಣ ಫ್ರಾನ್ಸಿನಲ್ಲಿ ಮಿಯೋ ಅಂತ ಒಂದು ಊರು. ಬೇಸಿಗೆ ರಜೆಯಲ್ಲಿ ಪ್ಯಾರಿಸ್ ಕಡೆಯಿಂದ ಸ್ಪೇನ್‌ಗೆ ಹೊರಟ ಕಾರುಗಳು ಇಲ್ಲಿ ತಾರ್ನ್ ನದಿಯ ಕಣಿವೆಗೆ ಇಳಿದು, ಊರೊಳಗೆ ಹಾದು, ಮತ್ತೆ ಬೆಟ್ಟ ಹತ್ತಬೇಕಿತ್ತು. ಗಂಟೆಗಟ್ಟಲೆ ಟ್ರಾಫಿಕ್ ಜಾಮ್. ಈ ಕಾಟ ತಪ್ಪಿಸಲು 2004ರಲ್ಲಿ ಈ ಬದಿಯ ಬೆಟ್ಟದಿಂದ ಆ ಬದಿಯ ಬೆಟ್ಟಕ್ಕೆ ನೇರವಾಗಿ 2,460 ಮೀಟರ್ ಉದ್ದದ ಸೇತುವೆ ಬಂತು. ಎಂಜಿನಿಯರ್ ಮಿಶೆಲ್ ವಿರ್ಲೋಜೊ, ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್.

ಏಳು ಕಾಂಕ್ರೀಟ್ ಕಂಬಗಳಲ್ಲಿ ಅತಿ ಎತ್ತರದ್ದು 245 ಮೀಟರ್ ಇದೆ. ಎಲ್ಲರೂ ಮಾತಾಡುವುದು ಆ ಎತ್ತರದ ಬಗ್ಗೆಯೇ. ನನಗೆ ಅದಕ್ಕಿಂತ ಜಾಸ್ತಿ ಬೆರಗು ಹುಟ್ಟಿಸಿದ್ದು, ರಸ್ತೆ ಅಲ್ಲಿಗೆ ಹೋದ ಬಗೆ.

ರಸ್ತೆಯನ್ನು ಹೊರುವ ಭಾಗವನ್ನು ಡೆಕ್ ಅನ್ನುತ್ತಾರೆ. ಇಲ್ಲಿ ಅದು ಟೊಳ್ಳಾದ ಉಕ್ಕಿನ ಪೆಟ್ಟಿಗೆ: 32 ಮೀಟರ್ ಅಗಲ, ಸುಮಾರು 36,000 ಟನ್ ತೂಕ. ಅಷ್ಟು ಎತ್ತರದಲ್ಲಿ, ಗಾಳಿಯಲ್ಲಿ, ಇದನ್ನು ತುಂಡುತುಂಡಾಗಿ ಜೋಡಿಸುವುದು ಅಪಾಯದ ಕೆಲಸ. ಹಾಗಾಗಿ ಎರಡೂ ಬೆಟ್ಟಗಳ ಮೇಲೆ, ಗಟ್ಟಿ ನೆಲದಲ್ಲೇ ನಿಂತು ವೆಲ್ಡಿಂಗ್ ಮಾಡಿದರು. ಆಮೇಲೆ ಎರಡೂ ಕಡೆಯಿಂದ ಕಣಿವೆಯತ್ತ ತಳ್ಳುತ್ತಾ ಹೋದರು.

ಹಿಂದಿನಿಂದ ಸುಮ್ನೆ ತಳ್ಳಿದರೆ ಸಾಲದಾ? ಸಾಲದು. ನೆಲಕ್ಕೆ ಹೂತ ಉದ್ದನೆಯ ಗಳುವಿನ ತುದಿಯನ್ನು ಬೆರಳಿನಿಂದ ತಳ್ಳಿ ನೋಡಿ, ಎಷ್ಟು ಸುಲಭವಾಗಿ ಬಾಗುತ್ತದೆ ಅಲ್ವಾ? ಡೆಕ್ ಜಾರುವಾಗ ಘರ್ಷಣೆ ಕಂಬದ ತಲೆಯನ್ನೂ ಹಾಗೆಯೇ ಮುಂದಕ್ಕೆ ಎಳೆಯುತ್ತದೆ. ಅದಕ್ಕೇ ತಳ್ಳುವ ಯಂತ್ರವನ್ನು ಪ್ರತಿ ಕಂಬದ ತಲೆಯ ಮೇಲೂ ಇಟ್ಟರು. ಯಂತ್ರ ಡೆಕ್ಕನ್ನು ಮುಂದೆ ತಳ್ಳಿದಾಗ ಕಂಬಕ್ಕೆ ಹಿಮ್ಮುಖ ಒತ್ತು ಬೀಳುತ್ತದೆ. ಘರ್ಷಣೆ ಮುಂದಕ್ಕೆ, ಒತ್ತು ಹಿಂದಕ್ಕೆ. ಒಂದನ್ನೊಂದು ಅಳಿಸಿಹಾಕುತ್ತವೆ. ತಲೆಯ ಮೇಲೆ ಸಾವಿರಾರು ಟನ್ ಚಲಿಸಿದರೂ ಕಂಬ ಅಲ್ಲಾಡದೆ ನಿಲ್ಲುತ್ತದೆ.

ಆ ಯಂತ್ರ ಕೆಲಸ ಮಾಡುವುದು ಬೆಣೆಯ ಮೇಲೆ, ಸೌದೆ ಸೀಳುವಾಗ ಬಡಿಯುತ್ತೇವಲ್ಲ, ಅದೇ ಬೆಣೆ. ಕೆಳಗಿನ ಬೆಣೆ ಒಳಗೆ ಸರಿಯುತ್ತದೆ, ಡೆಕ್ ಕೊಂಚ ಮೇಲೇಳುತ್ತದೆ. ಮೇಲಿನ ತುಂಡು ಅದನ್ನು ಹೊತ್ತು 60 ಸೆಂಟಿಮೀಟರ್ ಮುಂದೆ ಜಾರುತ್ತದೆ. ಬೆಣೆ ಈಚೆ ಬರುತ್ತದೆ, ಡೆಕ್ ಕೆಳಗೆ ಕೂರುತ್ತದೆ. ಮೇಲಿನ ತುಂಡು ಖಾಲಿಯಾಗಿ ಹಿಂದಕ್ಕೆ ಬರುತ್ತದೆ. ಇಷ್ಟಕ್ಕೆ ಸುಮಾರು ನಾಲ್ಕು ನಿಮಿಷ. ಎಲ್ಲ ಕಂಬಗಳ ಮೇಲೂ ಇದು ಒಟ್ಟೊಟ್ಟಿಗೆ ನಡೆಯಬೇಕು. ಆ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಂಡಿತು.

ಕಂಬದಿಂದ ಕಂಬಕ್ಕೆ 342 ಮೀಟರ್. ಆಸರೆ ಇಲ್ಲದೆ ಅಷ್ಟು ದೂರ ಚಾಚಿದರೆ ತುದಿ ಜೋತುಬೀಳುತ್ತದೆ. ಆದ್ದರಿಂದ ನಡುನಡುವೆ ತಾತ್ಕಾಲಿಕ ಉಕ್ಕಿನ ಗೋಪುರ ನಿಲ್ಲಿಸಿ ದೂರವನ್ನು 171 ಮೀಟರಿಗೆ ಇಳಿಸಿದರು. ಅಷ್ಟು ದಾಟಲೂ 285 ಹೆಜ್ಜೆ ಬೇಕು! ಮುಂತುದಿಯನ್ನು ಎತ್ತಿ ಹಿಡಿಯಲು ಎರಡೂ ಬದಿಯಲ್ಲಿ ಒಂದೊಂದು ಕೇಬಲ್ ಕಂಬವನ್ನು, ಅಂದರೆ ಡೆಕ್ಕನ್ನು ಮೇಲಿನಿಂದ ಕೇಬಲ್‌ಗಳಲ್ಲಿ ಎಳೆದು ಹಿಡಿಯುವ ಕಂಬವನ್ನು, ಡೆಕ್ ಮೇಲೆ ಮೊದಲೇ ನಿಲ್ಲಿಸಿದ್ದರು. ಅವೂ ಜೊತೆಗೇ ಸಾಗಿದವು.

2004ರ ಮೇ 28ರಂದು, ತಾರ್ನ್ ನದಿಯಿಂದ ಸುಮಾರು 270 ಮೀಟರ್ ಮೇಲೆ, ಎರಡು ತುದಿಗಳೂ ಸೇರಿದವು. ಉಳಿದ ಐದು ಕೇಬಲ್ ಕಂಬಗಳು ಆಮೇಲೆ ಬಂದವು. ಒಂದೊಂದೂ 87 ಮೀಟರ್ ಉದ್ದ, ಸುಮಾರು 700 ಟನ್ ತೂಕ. ಅವನ್ನು ಮಲಗಿಸಿಕೊಂಡು ಸಾಗಿಸಿದ್ದು ಅದೇ ಡೆಕ್ ಮೇಲೆ, ಇನ್ನೂ ಡಾಂಬರು ಕಾಣದ ಬರಿ ಉಕ್ಕಿನ ಮೇಲೆ.