ಹುಳಿನೀರಿನ ಊರು ಕುಸಾತ್ಸು

ಜಪಾನಿನ ಬಿಸಿನೀರಿನ ಬುಗ್ಗೆಗಳ ಊರಾದ ಕುಸಾತ್ಸುವಿಗೆ ಹೋದವರು ಗಂಧಕದ ವಾಸನೆಯ ಮಾತೆತ್ತದೆ ಇರುವುದಿಲ್ಲ. ಆದರೆ ಶುದ್ಧ ಗಂಧಕಕ್ಕೆ ವಾಸನೆಯೇ ಇಲ್ಲ. ಮೂಗಿಗೆ ಬಡಿಯುವುದು ಹೈಡ್ರೋಜನ್ ಸಲ್ಫೈಡ್. ಗಾಳಿಗಿಂತ ಭಾರವಾದ ಈ ಅನಿಲ ತಗ್ಗುಗಳಲ್ಲಿ ಮಡುಗಟ್ಟುತ್ತದೆ, ಪ್ರಮಾಣ ಮೀರಿದರೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತೆಂದು ಬೆಟ್ಟದ ಹಳ್ಳಕ್ಕೆ ಇಳಿಯಬಾರದು.

ಗುನ್ಮಾ ಪ್ರಾಂತ್ಯದ ಈ ಪುಟ್ಟ ಊರು ಸುಮಾರು 1,200 ಮೀಟರ್ ಎತ್ತರದಲ್ಲಿ, ಶಿರಾನೆ ಜ್ವಾಲಾಮುಖಿಯ ಪೂರ್ವದ ಇಳಿಜಾರಿನಲ್ಲಿದೆ. ಜನಸಂಖ್ಯೆ ಆರು ಸಾವಿರದ ಆಸುಪಾಸು. ನೆಲದಿಂದ ತಾನಾಗಿ ಉಕ್ಕುವ ಬಿಸಿನೀರು ಮಾತ್ರ ನಿಮಿಷಕ್ಕೆ 32,000 ಲೀಟರಿಗೂ ಹೆಚ್ಚು. ಶಿಲಾಪಾಕದಿಂದ ಬಿಡುಗಡೆಯಾದ ಗಂಧಕದ ಅನಿಲಗಳು ಅಂತರ್ಜಲದಲ್ಲಿ ಕರಗಿ ಗಂಧಕಾಮ್ಲವಾಗುವುದರಿಂದ ಆ ನೀರಿನ ಪಿಎಚ್ 2ರ ಹತ್ತಿರ, ನಿಂಬೆರಸದಷ್ಟೇ ಹುಳಿ. ಕಬ್ಬಿಣದ ಮೊಳೆಯನ್ನು ಅದರಲ್ಲಿ ಬಿಟ್ಟರೆ ದಿನಗಳಲ್ಲೇ ಸವೆಯುತ್ತದೆ. ಬೆಳ್ಳಿ ಆಭರಣ ಕಪ್ಪಾಗುತ್ತದೆ, ಸ್ನಾನಕ್ಕೆ ಮೊದಲೇ ತೆಗೆದಿಡಿ.

ಊರಿನ ನಟ್ಟನಡುವೆ ಯುಬಾತಾಕೆ ಎಂಬ ಬಿಸಿನೀರಿನ ಬುಗ್ಗೆ. 50 ಡಿಗ್ರಿ ದಾಟಿದ ನೀರು ಏಳು ಮರದ ಕಾಲುವೆಗಳಲ್ಲಿ ಹರಿಯುತ್ತ ತಣಿಯುತ್ತದೆ. ಗಾಳಿ ತಾಗಿದ ಹೈಡ್ರೋಜನ್ ಸಲ್ಫೈಡ್ ಉತ್ಕರ್ಷಣಗೊಂಡು, ಹಳದಿ ಗಂಧಕವಾಗಿ ಕಾಲುವೆಯ ತಳಕ್ಕೆ ಕೂರುತ್ತದೆ. ಅದನ್ನು ಆಗಾಗ ಕೆರೆದು ಒಣಗಿಸುತ್ತಾರೆ.

ಪ್ರವಾಸಿಗರು ಮುಗಿಬಿದ್ದು ನೋಡುವುದು ಪಕ್ಕದ ನೆತ್ಸುನೊಯು ಕಟ್ಟಡದಲ್ಲಿ ನಡೆಯುವ ಯುಮೊಮಿ, ಅಂದರೆ ನೀರು ಮಗುಚುವ ಆಟ. ಸುಮಾರು 180 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಹಲಗೆಗಳಿಂದ ಹೆಂಗಸರು ಹಾಡುತ್ತ ನೀರನ್ನು ಮಗುಚುತ್ತಾರೆ. ಇದು ಬರೀ ಕುಣಿತ ಎಂದುಕೊಂಡವರು ಒಂದು ಲೆಕ್ಕ ಹಾಕಿ ನೋಡಲಿ. 100 ಲೀಟರ್ ನೀರನ್ನು 52 ಡಿಗ್ರಿಯಿಂದ 47ಕ್ಕೆ ಇಳಿಸಲು 10 ಡಿಗ್ರಿಯ ತಣ್ಣೀರು ಬೆರೆಸುವುದಾದರೆ 13 ಲೀಟರಿಗೂ ಹೆಚ್ಚು ಬೇಕು, ಅಷ್ಟರಮಟ್ಟಿಗೆ ನೀರು ತೆಳುವಾಗುತ್ತದೆ. ಮಗುಚಿದಾಗ ಹಬೆಯಾಡುವ ಮೇಲ್ಮೈ ಹಿಗ್ಗುತ್ತದೆ. ಆವಿಯಾಗುವ ನೀರು ತನ್ನೊಡನೆ ಅಪಾರ ಶಾಖವನ್ನು ಒಯ್ಯುವುದರಿಂದ, ಅದೇ ಐದು ಡಿಗ್ರಿ ಇಳಿಸಲು ಒಂದು ಲೀಟರಿಗೂ ಕಡಿಮೆ ನೀರು ಆವಿಯಾದರೆ ಸಾಕು. ಆಮ್ಲ ಆವಿಯಾಗದೆ ಉಳಿದು, ನೀರು ಕೂದಲೆಳೆಯಷ್ಟು ಗಟ್ಟಿಯೇ ಆಗುತ್ತದೆ! ಹಳೆಯ ಪದ್ಧತಿಯಲ್ಲಿ ಇಂಥ ನೀರಿನಲ್ಲಿ ಕೂರುತ್ತಿದ್ದುದು ಮೂರೇ ನಿಮಿಷ. ಹೃದ್ರೋಗಿಗಳು ಈ ಸಾಹಸಕ್ಕೆ ಕೈಹಾಕಬಾರದು.

ಮೀಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಈ ನೀರನ್ನು ಹೊರಜಗತ್ತಿಗೆ ಪರಿಚಯಿಸಿದ. ಹುಳಿನೀರು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ನಿಜ. ಅದನ್ನೇ ಹಿಗ್ಗಿಸಿ ಸರ್ವರೋಗಕ್ಕೂ ಮದ್ದೆಂದು ನಂಬಿದ ಕಾಲದಲ್ಲಿ ಕುಷ್ಠರೋಗಿಗಳು ದೂರದೂರದಿಂದ ಬಂದು ಊರಿನ ಯುನೊಸಾವಾ ಕೇರಿಯಲ್ಲಿ ನೆಲೆಸಿದರು. 1932ರಲ್ಲಿ ಇಲ್ಲಿ ಕುಷ್ಠರೋಗಿಗಳ ಸರ್ಕಾರಿ ಆಶ್ರಮವೂ ಶುರುವಾಯಿತು. ಕುಷ್ಠ ಕೊನೆಗೆ ಬಗ್ಗಿದ್ದು ಔಷಧಿಗೆ. ಸ್ನಾನ ಅದರ ರೋಗಾಣುವನ್ನು ಮುಟ್ಟಲೂ ಇಲ್ಲ.

ಶಿರಾನೆಯ ತುದಿಯ ಯುಗಾಮಾ ಸರೋವರ ಇನ್ನೂ ಹುಳಿ, ಪಿಎಚ್ 1ರ ಸುತ್ತ. ಆದರೆ ಹೊರಡುವ ಮುನ್ನ ಜ್ವಾಲಾಮುಖಿ ಎಚ್ಚರಿಕೆಯ ಮಟ್ಟ ನೋಡಲೇಬೇಕು. ಪಕ್ಕದ ಮೋಟೊಶಿರಾನೆ 2018ರ ಜನವರಿ 23ರಂದು ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿದು ಒಬ್ಬರನ್ನು ಬಲಿ ತೆಗೆದುಕೊಂಡಿತು.

ಇಷ್ಟೆಲ್ಲ ಹುಳಿ ಇಳಿಯುವುದು ಯುಕಾವಾ ನದಿಗೆ. ಒಂದು ಕಾಲಕ್ಕೆ ಅದರಲ್ಲಿ ಮೀನಿಲ್ಲ, ಸೇತುವೆಯ ಕಾಂಕ್ರೀಟಿಗೆ ಉಳಿಗಾಲವಿಲ್ಲ. 1964ರಿಂದ ಸುಣ್ಣದಕಲ್ಲಿನ ಪುಡಿಯನ್ನು ನೀರಲ್ಲಿ ಕದಡಿ ಹಗಲಿರುಳೂ ನದಿಗೆ ಸುರಿಯುತ್ತಿದ್ದಾರೆ. ಪುಡಿಯೇ ಏಕೆ? ದಪ್ಪ ಕಲ್ಲಾದರೆ ಮೇಲೆ ಜಿಪ್ಸಮ್ ಮತ್ತು ಕಬ್ಬಿಣದ ಪದರ ಕಟ್ಟಿ ಕ್ರಿಯೆ ನಿಂತುಬಿಡುತ್ತದೆ. ಸುಟ್ಟ ಸುಣ್ಣ ಚುರುಕು, ಆದರೆ ತುಸು ಹೆಚ್ಚಾದರೆ ನದಿ ಕ್ಷಾರವಾಗುತ್ತದೆ. ಸುಣ್ಣದಕಲ್ಲಿನಲ್ಲಿ ಆ ಭಯವಿಲ್ಲ, ಬೆಲೆಯೂ ಅಗ್ಗ. ಕೆಳಗೆ 1965ರಲ್ಲಿ ಮುಗಿದ ಶಿನಾಕಿ ಅಣೆಕಟ್ಟು ಈ ಕ್ರಿಯೆ ಪೂರ್ಣವಾಗಲು ಬೇಕಾದ ಸಮಯ ಕೊಡುತ್ತದೆ, ಗಷ್ಟನ್ನೂ ತಡೆಯುತ್ತದೆ. ನೀರಿನಲ್ಲಿದ್ದ ಆರ್ಸೆನಿಕ್ ಕಬ್ಬಿಣದ ಹೈಡ್ರಾಕ್ಸೈಡಿಗೆ ಅಂಟಿಕೊಂಡು ತಳ ಸೇರುವುದರಿಂದ, ಆ ಹೂಳನ್ನೆತ್ತಿ ಬೇರೆಡೆ ಹೂಳುವ ಕೆಲಸಕ್ಕೂ ಬಿಡುವಿಲ್ಲ.